ಕಡತದ ಹಿಂದಿರುವ ಮನುಷ್ಯರನ್ನು ಕಾಣುವ ಬಗೆ

ತಾಲ್ಲೂಕು ಕಚೇರಿಯಲ್ಲಿ ಕಡತಗಳನ್ನು ನಿಭಾಯಿಸುವ ವಿಷಯ ನಿರ್ವಾಹಕರಾಗಿ ಕೆಲವು ವರ್ಷ ಕಳೆದ ಮೇಲೆ ಎಲ್ಲ ಕಡತಗಳೂ ಒಂದೇ ರೀತಿ ಕಾಣತೊಡಗುವುದು ಸಹಜ. ಆಗ ಮೊದಲು ಮಾಡಬೇಕಾದದ್ದು, ಟಿಪ್ಪಣಿ ಹಾಳೆಗಿಂತ ಮುಂಚೆ ಮೂಲ ಅರ್ಜಿಯನ್ನು ಪೂರ್ತಿಯಾಗಿ ಓದುವುದು. ಸಂಧ್ಯಾ ಸುರಕ್ಷಾ ಪಿಂಚಣಿ ಕೋರಿದ ಅರ್ಜಿಯ ಕೆಳಗೆ ಸಹಿಯ ಬದಲು ನೀಲಿ ಶಾಯಿಯ ಹೆಬ್ಬೆಟ್ಟಿನ ಗುರುತಿದ್ದರೆ, 65 ದಾಟಿದ ಆ ಅರ್ಜಿದಾರರು ನಿಮ್ಮ ಹಿಂಬರಹವನ್ನು, ಅಂದರೆ ಅರ್ಜಿಗೆ ಕಚೇರಿ ಕೊಡುವ ಲಿಖಿತ ಉತ್ತರವನ್ನು, ಬೇರೆಯವರಿಂದ ಓದಿಸಿಕೊಳ್ಳಬೇಕಾಗುತ್ತದೆ ಎಂಬುದು ನೆನಪಿರಲಿ. ಆದ್ದರಿಂದ ‘ದಾಖಲೆಗಳು ಅಪೂರ್ಣ’ ಎಂದಷ್ಟೇ ಬರೆದು ಮುಗಿಸದೆ, ಯಾವ ದಾಖಲೆ ಬೇಕು, ಅದು ಎಲ್ಲಿ ಸಿಗುತ್ತದೆ ಎಂಬುದನ್ನು ತಿಳಿಗನ್ನಡದಲ್ಲಿ ಬರೆಯಿರಿ. ಆ ಒಂದು ಸಾಲು ಅವರ ಮನೆಯವರ ಒಂದು ದಿನದ ಕೂಲಿಯನ್ನೂ ಬಸ್ ಖರ್ಚನ್ನೂ ಉಳಿಸುತ್ತದೆ. ನನ್ನ ಮಟ್ಟಿಗೆ ಈ ಕೆಲಸದ ಸಾರ್ಥಕತೆ ಇರುವುದೇ ಇಲ್ಲಿ.

2011ರ ಸಕಾಲ ಕಾಯ್ದೆಯು ಸೇವೆಗಳಿಗೆ ಗಡುವು ವಿಧಿಸಿದೆ. ಕಡತವನ್ನು ಆ ಕೊನೆಯ ದಿನದವರೆಗೆ ಕಾಯಿಸಬೇಕಾಗಿಲ್ಲ. ಅರ್ಜಿಗಳು ಯಾವ ಕಾರಣಕ್ಕೆ ಪದೇ ಪದೇ ಹಿಂದಿರುಗುತ್ತಿವೆ ಎಂಬುದನ್ನು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಳ್ಳುತ್ತಾ ಬಂದು, ಎರಡು ಮೂರು ತಿಂಗಳ ನಂತರ ಅದನ್ನು ಶಿರಸ್ತೇದಾರರ ಮುಂದಿಟ್ಟು, ಬೇಕಾದ ದಾಖಲೆಗಳ ಪಟ್ಟಿಯನ್ನು ಅರ್ಜಿ ಪಡೆಯುವ ಕಿಟಕಿಯ ಬಳಿ ಅಂಟಿಸಲು ಅನುಮತಿ ಕೇಳಿ.

ಬಡ್ತಿಯ ಆಸೆಯನ್ನು ಅದುಮಿಡಬೇಡಿ. ಕರ್ನಾಟಕ ಲೋಕಸೇವಾ ಆಯೋಗ ನಡೆಸುವ ಇಲಾಖಾ ಪರೀಕ್ಷೆಗಳಿಗೆ ಪ್ರತ್ಯೇಕ ಸಮಯ ಸಿಗದಿದ್ದರೆ, ಆ ದಿನ ಕಡತದಲ್ಲಿ ಎದುರಾದ ಭೂಕಂದಾಯ ಅಧಿನಿಯಮ, 1964ರ ಕಲಮನ್ನು ಸಂಜೆ ಮನೆಗೆ ಹೊರಡುವ ಮುನ್ನ ಹದಿನೈದು ನಿಮಿಷ ಓದಿ.