ವಿಂಡೋಸ್ ಹಗುರ ಮಾಡಲು ಟೂಲ್ ಆರಿಸಿದ ನನ್ನ ಅನುಭವ

ನನ್ನ ಹಳೇ ಲ್ಯಾಪ್‌ಟಾಪ್‌ನಲ್ಲಿ ಇರುವುದು 4 ಜಿಬಿ ರ‍್ಯಾಮ್. ವಿಂಡೋಸ್ 10 ಹಾಕಿದ ಮೇಲೆ ಏನೂ ತೆರೆಯದೆ ಸುಮ್ನೆ ಬಿಟ್ಟರೂ ಅರ್ಧ ರ‍್ಯಾಮ್ ಖಾಲಿಯಾಗುತ್ತಿತ್ತು. ಬೇಡದ್ದನ್ನು ಕಿತ್ತುಹಾಕೋಣ ಅಂತ ಹೊರಟೆ.

ಮೊದಲು ಹಿಡಿದದ್ದು ಒಂದೇ ಕ್ಲಿಕ್‌ನಲ್ಲಿ ಎಲ್ಲ ತೆಗೆಯುವ ಸ್ಕ್ರಿಪ್ಟ್. ಕಂಡ ಬಾಕ್ಸ್‌ಗೆಲ್ಲ ಟಿಕ್ ಹಾಕಿದೆ. ಎರಡು ದಿನ ಚೆನ್ನಾಗಿಯೇ ಓಡಿತು. ಆಮೇಲೆ ಅಪ್‌ಡೇಟ್ ನಿಂತುಹೋಯಿತು. ನೋಡಿದರೆ ಆ ಸ್ಕ್ರಿಪ್ಟ್ ವಿಂಡೋಸ್ ತನ್ನ ಭಾಗಗಳ ಫೈಲ್‌ಗಳನ್ನು ಇಟ್ಟುಕೊಳ್ಳುವ ವಿನ್‌ಎಸ್ಎಕ್ಸ್ಎಸ್ (WinSxS) ಫೋಲ್ಡರ್‌ಗೇ ಕೈ ಹಾಕಿತ್ತು. ಆ ಫೋಲ್ಡರ್ ನೋಡಲು ಭಾರೀ ದೊಡ್ಡದು, ಆದರೆ ಅದರಲ್ಲಿರುವ ಬಹಳಷ್ಟು ಫೈಲ್‌ಗಳು ವಿಂಡೋಸ್‌ನ ಮುಖ್ಯ ಫೋಲ್ಡರ್ ಆದ ಸಿಸ್ಟಮ್32ರಲ್ಲಿ ಇರುವವೇ. ಹಾರ್ಡ್ ಲಿಂಕ್ (ಒಂದೇ ಫೈಲ್‌ಗೆ ಎರಡು ಕಡೆ ಹೆಸರು) ಆಗಿರುವುದರಿಂದ ಲೆಕ್ಕಕ್ಕೆ ಎರಡು ಸಲ ಬರುತ್ತವೆ, ಅಷ್ಟೇ. ಅಲ್ಲಿ ಅಳಿಸಿದರೆ ಜಾಗ ಉಳಿಯುವುದು ಕಡಿಮೆ, ಅಪ್‌ಡೇಟ್‌ಗೆ ಬೇಕಾದ ಬುಡವೇ ಹೋಗುತ್ತದೆ.

ಅಲ್ಲಿಂದ ಟೂಲ್ ನೋಡುವ ರೀತಿಯೇ ಬದಲಾಯಿತು. ಏನು ತೆಗೆಯುತ್ತಿದೆ ಅಂತ ನನಗೆ ಕಾಣಬೇಕು. ಎಡವಟ್ಟಾದರೆ ಹಿಂದಕ್ಕೆ ಹೋಗಲು ದಾರಿ ಇರಬೇಕು. ಯಾರೋ ಸಣ್ಣದು ಮಾಡಿಟ್ಟ ಐಎಸ್ಒ (ವಿಂಡೋಸ್ ಇನ್‌ಸ್ಟಾಲ್ ಮಾಡಲು ಬಳಸುವ ಡಿಸ್ಕ್ ಫೈಲ್) ಹಾಗಾಗಿ ಬೇಡವೇ ಬೇಡ ಅನಿಸಿತು. ಒಳಗೆ ಏನು ಸೇರಿಸಿದ್ದಾರೆ ಅಂತ ಗೊತ್ತಾಗಲ್ಲ ಅಲ್ವಾ?

ವಿಂಡೋಸ್‌ನಿಂದ ಬೇಡದ ಭಾಗ ತೆಗೆಯುವ ಎನ್‌ಟಿಲೈಟ್ (NTLite) ಅನ್ನೋ ಟೂಲ್ ನೋಡಿದೆ. ಪ್ರಿಂಟರ್ ಬೇಕು, ವೈಫೈ ಬೇಕು ಅಂತ ಮೊದಲೇ ಹೇಳಿಟ್ಟರೆ ಅದಕ್ಕೆ ಸಂಬಂಧಪಟ್ಟದ್ದನ್ನು ತೆಗೆಯಲು ಬಿಡುವುದಿಲ್ಲ. ಇದು ನನಗೆ ತುಂಬಾ ಇಷ್ಟವಾಯಿತು. ಆದರೂ ಕೊನೆಗೆ ನಿಂತದ್ದು ಮೈಕ್ರೋಸಾಫ್ಟ್‌ನದೇ ಕಮಾಂಡ್ ಟೂಲ್ ಆದ ಡಿಸ್ಮ್ (DISM) ಮೇಲೆ. ಅದು ವಿಂಡೋಸ್ 7ರಿಂದಲೂ ಸಿಸ್ಟಮ್ ಜೊತೆಗೇ ಬರುತ್ತದೆ. ಒಮ್ಮೆ ಕಮಾಂಡ್‌ಗಳನ್ನು ಬರೆದಿಟ್ಟುಕೊಂಡರೆ ಹೊಸ ಐಎಸ್ಒ ಬಂದಾಗಲೂ ಆ್ಯಪ್ ಹೆಸರುಗಳನ್ನು ಸರಿನೋಡಿಕೊಂಡು ಅದೇ ಪಟ್ಟಿ ಓಡಿಸಬಹುದು.

ಇನ್‌ಸ್ಟಾಲ್ ಆದ ಸಿಸ್ಟಮ್ ಮುಟ್ಟದೆ, ಐಎಸ್ಒ ಒಳಗಿನ ವಿಮ್ ಫೈಲನ್ನು (ಇಡೀ ವಿಂಡೋಸ್ ಇರುವ ಫೈಲ್, WIM) ಒಂದು ಖಾಲಿ ಫೋಲ್ಡರ್‌ಗೆ ಮೌಂಟ್ ಮಾಡಿದೆ, ಅಂದರೆ ಒಳಗಿನದನ್ನು ಬದಲಿಸಲು ಆಗುವಂತೆ ತೆರೆದಿಟ್ಟೆ. ಕೆಲವು ಐಎಸ್ಒಗಳಲ್ಲಿ ವಿಮ್ ಬದಲು ಇನ್ನೂ ಒತ್ತಿ ಸಣ್ಣದು ಮಾಡಿದ ಇಎಸ್‌ಡಿ (ESD) ಫೈಲ್ ಇರುತ್ತದೆ. ಅದನ್ನು ಮೊದಲು ವಿಮ್‌ಗೆ ಎಕ್ಸ್‌ಪೋರ್ಟ್ ಮಾಡಿಕೊಳ್ಳಬೇಕು. ಜೊತೆಗೆ ಬರುವ ಆ್ಯಪ್‌ಗಳ ಪಟ್ಟಿ ತೆಗೆಸಿ, ಗೇಮ್‌ಗಳು, ಹವಾಮಾನ, ಮ್ಯಾಪ್ ಹೀಗೆ ಒಂದೊಂದಾಗಿ ತೆಗೆದೆ. ಸ್ಟೋರ್, ಡಿಫೆಂಡರ್ ಮುಟ್ಟಲಿಲ್ಲ. ಕೊನೆಗೆ ಅನ್‌ಮೌಂಟ್ ಮಾಡಿ ಮುಚ್ಚುವಾಗ ಕಮಿಟ್ (ಬದಲಾವಣೆ ಉಳಿಸು) ಅಂತ ಕೊಡಲೇಬೇಕು. ಡಿಸ್ಕಾರ್ಡ್ ಅಂತ ಕೊಟ್ಟರೆ ಮಾಡಿದ್ದೆಲ್ಲ ಹೋಯಿತು.

ನಂತರ ಕಂಪ್ಯೂಟರ್ ಒಳಗೇ ಇನ್ನೊಂದು ಕಂಪ್ಯೂಟರ್ ಓಡಿಸುವ ವರ್ಚುವಲ್‌ಬಾಕ್ಸ್‌ನಲ್ಲಿ ಹಾಕಿ, ಹಿಂದಕ್ಕೆ ಹೋಗಲು ಆಗುವಂತೆ ಸ್ನ್ಯಾಪ್‌ಶಾಟ್ ತೆಗೆದು, ಮೊದಲು ಅಪ್‌ಡೇಟ್ ಓಡಿಸಿ ನೋಡಿದೆ. ಸರಾಗವಾಗಿ ಮುಗಿಯಿತು. ಆಗಷ್ಟೇ ಲ್ಯಾಪ್‌ಟಾಪ್‌ಗೆ ಹಾಕಿದೆ. ಈಗ ಆ ಕಮಾಂಡ್ ಫೈಲಿನಲ್ಲಿ ಪ್ರತಿ ಸಾಲಿನ ಮೇಲೂ ಅದನ್ನು ಯಾಕೆ ತೆಗೆದೆ ಅಂತ ಬರೆದಿಟ್ಟಿದ್ದೇನೆ.