ಒಡೆಯದ ಸೂಪಿಗೆ ಮೂರು ಮಳೆಗಾಲ

"ಅಲ್ಲ ಮಾರಾಯ್ತಿ, ಒಲೆಯ ಮೇಲೆ ಇಪ್ಪತ್ತು ನಿಮಿಷಕ್ಕೆ ಬೇಯುವ ಆಲೂಗಡ್ಡೆಗೆ ಅರ್ಧ ಹಗಲು ಬೇಕೇ?"

ಆಲೂಗಡ್ಡೆ, ಚೀಸ್ ಸೂಪಿಗೆಂದು ತರಿಸಿದ ಸ್ಲೋ ಕುಕ್ಕರನ್ನು, ಅಂದರೆ ಸಣ್ಣ ಶಾಖದಲ್ಲಿ ಗಂಟೆಗಟ್ಟಲೆ ಬೇಯಿಸುವ ಕರೆಂಟಿನ ಪಾತ್ರೆಯನ್ನು, ಪೆಟ್ಟಿಗೆಯಿಂದ ತೆಗೆದ ದಿನ ಅತ್ತೆ ಕೇಳಿದ್ದು ಇಷ್ಟು. ನಮ್ಮ ಮನೆಯವರು ಕೇಳಿದ್ದು ಅದರ ಬೆಲೆಯನ್ನು. ಎರಡಕ್ಕೂ ಆಗ ನನ್ನ ಬಳಿ ನೆಟ್ಟಗಿನ ಉತ್ತರ ಇರಲಿಲ್ಲ.

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ ನಮ್ಮ ತೋಟದ ಮನೆ, ನಾಲ್ಕು ಕೋಣೆಗಳ ಹೋಂಸ್ಟೇ. ಜುಲೈ ತಿಂಗಳ ಸಂಜೆ ಹೇಗಿರುತ್ತದೆ ಎಂದು ಈ ಕಸುಬಿನವರಿಗೆ ಹೇಳಬೇಕಾಗಿಲ್ಲ. ಕವಲೇದುರ್ಗ ಹತ್ತಿದವರು, ಕುಂದಾದ್ರಿಗೆ ಹೋದವರು ತೊಯ್ದು ತೊಪ್ಪೆಯಾಗಿ, ಕಾಲಿನಿಂದ ಇಂಬಳ (ಜಿಗಣೆ) ಕಿತ್ತುಕೊಳ್ಳುತ್ತ ಅಂಗಳಕ್ಕೆ ಬರುತ್ತಾರೆ. ಐದಕ್ಕೆ ಬರುತ್ತೇವೆ ಎಂದವರು ಎಂಟಕ್ಕೆ ಬರುತ್ತಾರೆ. ಬಂದ ಕೂಡಲೇ ಬಿಸಿಯಾದದ್ದು ಏನಾದರೂ ಕೈಗೆ ಕೊಡಬೇಕು. ಅದೇ ಹೊತ್ತಿಗೆ ಒಲೆಗಳ ಮೇಲೆ ಅಕ್ಕಿ ರೊಟ್ಟಿ, ಕಡುಬು, ಪಲ್ಯ. ಸೂಪನ್ನು ಮೂರನೆಯ ಸಲ ಬಿಸಿ ಮಾಡುವಷ್ಟರಲ್ಲಿ ತಳ ಹಿಡಿದಿರುತ್ತದೆ, ಮತ್ತು ಚೀಸ್ ತಳ ಹಿಡಿದ ಪಾತ್ರೆಯ ಕಷ್ಟ ತಿಕ್ಕಿದವರಿಗೇ ಗೊತ್ತು. ಯಾರೂ ಕಲಕದಿದ್ದರೂ ಸೀಯದೆ, ಅತಿಥಿ ಬರುವ ತನಕ ಕಾದು ಕೂರುವ ಸೂಪು ನನಗೆ ಬೇಕಾಗಿತ್ತು. ಅತ್ತೆಗೆ ಕೊಡಬೇಕಾಗಿದ್ದ ಉತ್ತರ ಅದೇ. ಅದು ನನಗೆ ಹೊಳೆದದ್ದು ಎರಡು ವರ್ಷ ಹಣ ಕಳೆದ ಮೇಲೆ.

ಮೊದಲು ಕೊಂಡದ್ದು ಡಿಜಿಟಲ್ ಮಾದರಿ. ಏಳು ಸಾವಿರದ ಹತ್ತಿರ ಬಿತ್ತು. ಟೈಮರ್ ಇತ್ತು, ಬೆಂದ ಮೇಲೆ ತಾನೇ, ಬಿಸಿ ಆರದಂತೆ ಕಾಯ್ದಿಡುವ ವಾರ್ಮ್‌ಗೆ ಹೋಗುತ್ತಿತ್ತು, ನೋಡಲಿಕ್ಕೂ ಚೆಂದ. ಆದರೆ ಕರೆಂಟು ಒಮ್ಮೆ ಹೋಗಿ ಬಂದರೆ ಸಾಕು, ಹೇಳಿದ್ದನ್ನೆಲ್ಲ ಮರೆತು ಸೊನ್ನೆ ತೋರಿಸುತ್ತ ಕೂರುತ್ತಿತ್ತು. ನಾನು ತೋಟಕ್ಕೆ ಹೋಗಿ ನಾಲ್ಕಕ್ಕೆ ಬಂದು ಮುಚ್ಚಳ ತೆಗೆದರೆ ನೀರು ಉಗುರು ಬೆಚ್ಚಗೆ, ಆಲೂಗಡ್ಡೆ ಹಲ್ಲಿಗೆ ಕರುಂ ಎನ್ನುವಂತೆ. ಎಷ್ಟು ಹೊತ್ತು ಹಾಗೆ ಅರೆಬೆಚ್ಚಗೆ ಬಿದ್ದಿತ್ತೋ ಗೊತ್ತಿಲ್ಲದ್ದನ್ನು ಮತ್ತೆ ಕಾಯಿಸಿ ಅತಿಥಿಗಳಿಗೆ ಬಡಿಸುವ ಧೈರ್ಯ ನನಗಿಲ್ಲ. ಎರಡು ಸಲ ಇಡೀ ಪಾತ್ರೆ ಕೊಟ್ಟಿಗೆಯ ಕಲಗಚ್ಚಿಗೆ ಹೋಯಿತು. ಆ ಯಂತ್ರ ಈಗ ಬೆಂಗಳೂರಿನಲ್ಲಿ ತಂಗಿಯ ಮನೆಯಲ್ಲಿದೆ. ನಾಲ್ಕು ಸಾವಿರ ಕೊಟ್ಟಳು, ತುಂಬಾ ಚೆನ್ನಾಗಿದೆ ಎನ್ನುತ್ತಾಳೆ.

ಎರಡನೆಯದು ತಿರುಗಿಸುವ ಗುಂಡಿಯ ಸಾದಾ ಮಾದರಿ. ನಾಲ್ಕೂವರೆ ಲೀಟರ್, ಮೂರು ಸಾವಿರದ ಚಿಲ್ಲರೆ. ಕರೆಂಟು ಹೋದರೂ ಗುಂಡಿ ಎಲ್ಲಿತ್ತೋ ಅಲ್ಲೇ ಇರುತ್ತದೆ, ಬಂದ ಕೂಡಲೇ ಕುಕ್ಕರ್ ಕೆಲಸ ಮುಂದುವರಿಸುತ್ತದೆ. ನಮ್ಮ ಕಡೆ ಕೊಳ್ಳುವವರು ಇದನ್ನೇ ಕೊಳ್ಳಿ.

ವೋಲ್ಟೇಜ್ ಲೆಕ್ಕ ಹೇಳಿಕೊಟ್ಟದ್ದು ನಮ್ಮ ಮನೆಯವರು, ಪಂಪ್‌ಸೆಟ್ಟಿನ ಜೊತೆ ಗುದ್ದಾಡಿ ಕಲಿತದ್ದು. 230 ಇರಬೇಕಾದ್ದು ಸಂಜೆ 180ಕ್ಕೆ ಇಳಿದರೆ ಶಾಖ ಐದರಲ್ಲಿ ಒಂದು ಪಾಲು ಕಡಿಮೆಯಾದೀತು ಎಂದು ನಾನು ಎಣಿಸಿದ್ದೆ. ಹಾಗಲ್ಲ, ಅದು ವೋಲ್ಟೇಜಿನ ವರ್ಗಕ್ಕೆ, ಅಂದರೆ ವೋಲ್ಟೇಜನ್ನು ಅದರಿಂದಲೇ ಗುಣಿಸಿದ್ದಕ್ಕೆ, ತಕ್ಕಂತೆ ಇಳಿಯುತ್ತದೆ. 250 ವ್ಯಾಟ್‌ನ ಕುಕ್ಕರ್ ಆಗ 150 ವ್ಯಾಟ್‌ನದಾಗಿಬಿಡುತ್ತದೆ. "ಲೋನಲ್ಲಿ (ಸಣ್ಣ ಶಾಖದಲ್ಲಿ) ಏಳು ಗಂಟೆ" ಎಂದು ಯಾರೋ ಹೊರದೇಶದವರು ಬರೆದ ಅಳತೆ ನಮ್ಮ ಅಡುಗೆಮನೆಯಲ್ಲಿ ಏಕೆ ಸುಳ್ಳಾಗುತ್ತಿತ್ತು ಎಂಬುದು ಅಂದು ತಿಳಿಯಿತು. ಈಗ ನಾನು ಕುದಿಯುವ ನೀರನ್ನೇ ಹಾಕಿ ಹನ್ನೊಂದೂವರೆಗೆ ಹೈನಲ್ಲಿ (ಹೆಚ್ಚು ಶಾಖದಲ್ಲಿ) ಶುರು ಮಾಡುತ್ತೇನೆ. ನಾಲ್ಕರ ಸುಮಾರಿಗೆ, ಊರೆಲ್ಲ ದೀಪ ಹಾಕುವ ಮೊದಲೇ, ಗಡ್ಡೆ ಬೆಂದಿರುತ್ತದೆ.

ಈಗ ಹಾಲಿನ ಕತೆ. ಮೊದಲ ವರ್ಷ ಬೆಳಿಗ್ಗೆಯೇ ಎಲ್ಲವನ್ನೂ ಒಟ್ಟಿಗೆ ಹಾಕಿದೆ, ಹಾಲು ಸಹಿತ. ಸಂಜೆ ಮುಚ್ಚಳ ತೆಗೆದರೆ ಕೆಳಗೆ ಹಸಿರು ಬಣ್ಣದ ನೀರು, ಮೇಲೆ ಬಿಳಿ ತುಣುಕುಗಳು. ಹಾಲು ಕೆಟ್ಟಿತ್ತೇನೋ ಎಂದು ಮರುದಿನ ಕರೆದ ಹಾಲನ್ನೇ ಹಾಕಿದೆ. ಅದೂ ಒಡೆಯಿತು. ಪ್ಯಾಕೆಟ್ ಹಾಲು ಒಡೆಯಿತು. ಕೊಬ್ಬು ಜಾಸ್ತಿ ಇದ್ದರೆ ಒಡೆಯುವುದಿಲ್ಲ ಎಂದು ಯಾರೋ ಹೇಳಿದ್ದನ್ನು ನಂಬಿ, ಬೆಣ್ಣೆಗೆಂದು ನಾಲ್ಕು ದಿನದಿಂದ ಫ್ರಿಜ್‌ನಲ್ಲಿ ಕೂಡಿಟ್ಟ ಕೆನೆಯನ್ನು ಸುರಿದೆ. ಕೂಡಿಟ್ಟ ಕೆನೆ ಒಳಗೊಳಗೇ ಹುಳಿ ತಿರುಗಿರುತ್ತದೆ ಎಂಬುದು ಬೆಣ್ಣೆ ಕಡೆಯುವ ಮನೆಯವಳಾದ ನನಗೆ ಗೊತ್ತಿಲ್ಲದ್ದಲ್ಲ, ಆ ಹೊತ್ತಿಗೆ ಬುದ್ಧಿ ಓಡಲಿಲ್ಲ. ಅಂದಿನ ಸೂಪು ನೋಡಿ ಅತಿಥಿಯೊಬ್ಬರು ಇದು ಪನ್ನೀರ್ ಸೂಪೇ ಎಂದು ಮರ್ಯಾದೆಯಿಂದ ಕೇಳಿದರು. ಹೌದು ಎಂದೆ.

ದಾರಿ ತೋರಿಸಿದ್ದು ಅತ್ತೆಯ ಮಜ್ಜಿಗೆಹುಳಿ. ಬೂದುಗುಂಬಳದ ಮಜ್ಜಿಗೆಹುಳಿಗೆ ಅವರು ಕಾಯಿಯ ಜೊತೆ ನೆನೆಸಿದ ಅಕ್ಕಿಯನ್ನು ಒಂದು ಹಿಡಿ ಅರೆದು ಹಾಕುತ್ತಾರೆ, ಕುದಿ ಬರುವ ಮೊದಲೇ ಇಳಿಸುತ್ತಾರೆ. ಒಂದು ದಿನವೂ ಅದು ಒಡೆದದ್ದನ್ನು ನಾನು ಕಂಡಿಲ್ಲ. ಇಪ್ಪತ್ತು ವರ್ಷದಿಂದ ಕಣ್ಣೆದುರೇ ಇದ್ದದ್ದು! ಮಜ್ಜಿಗೆಯನ್ನು ಕಾಯುವ ಅಕ್ಕಿ ಹಾಲನ್ನು ಕಾಯದೆ ಬಿಟ್ಟೀತೇ? ಮುಕ್ಕಾಲು ಲೀಟರ್ ಹಾಲಿಗೆ ಎರಡು ದೊಡ್ಡ ಚಮಚ ನುಣ್ಣನೆಯ ಅಕ್ಕಿಹಿಟ್ಟು ಕದಡಿ, ಬೇರೆ ಪಾತ್ರೆಯಲ್ಲಿ ತೆಳು ಗಂಜಿಯಂತೆ ಕಾಯಿಸಿ, ಆಲೂಗಡ್ಡೆ ಬೆಂದು ಕಡೆದಾದ ಮೇಲೆ, ಕೊನೆಯ ಅರ್ಧ ಗಂಟೆಗೆ ಮಾತ್ರ ಸೇರಿಸಿದೆ. ಒಡೆಯಲಿಲ್ಲ. ವಾರ್ಮ್‌ನಲ್ಲಿ ಮೂರು ಗಂಟೆ ಇಟ್ಟೆ, ಆಗಲೂ ಒಡೆಯಲಿಲ್ಲ. ನಿಧಾನ ಬೇಕಾದದ್ದು ಗಡ್ಡೆಗೆ ಮಾತ್ರ. ಹಾಲಿಗೂ ಚೀಸಿಗೂ ಅದು ಬೇಡ. ಇಷ್ಟನ್ನು ತಿಳಿಯಲು ನನಗೆ ಸುಮಾರು ಹದಿನೈದು ಲೀಟರ್ ಹಾಲು ಖರ್ಚಾಯಿತು.

ಆಲೂಗಡ್ಡೆ ಹೆಚ್ಚುವುದು, ಬೆಣ್ಣೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ ಬಾಡಿಸುವುದು ನಿಮಗೆ ಗೊತ್ತಿರುವುದೇ. ಬಾಡಿಸದೆ ಮಾತ್ರ ಹಾಕಬೇಡಿ. ಈ ಕುಕ್ಕರಿನಲ್ಲಿ ಹಸಿ ಈರುಳ್ಳಿಯ ವಾಸನೆ ಹೋಗುವುದೇ ಇಲ್ಲ. ಹೋಳುಗಳೆಲ್ಲ ನೀರಿನಲ್ಲಿ ಮುಳುಗಿರಲಿ, ಮೇಲೆ ತಲೆ ಎತ್ತಿದವು ಕಪ್ಪಾಗುತ್ತವೆ. ಮುಳುಗುವುದಕ್ಕಿಂತ ಹೆಚ್ಚು ನೀರೂ ಬೇಡ, ಏಕೆಂದರೆ ಇಲ್ಲಿ ಆವಿಯಾಗಿ ಇಂಗುವುದು ಏನೂ ಇಲ್ಲ. ಆ ನೀರಿಗೆ ಹಿತ್ತಿಲಿನ ಒಂದು ಎಲೆಯನ್ನು ಕಟ್ಟಿ ಹಾಕಿ ಕೊನೆಗೆ ತೆಗೆಯುತ್ತೇನೆ. ಯಾವ ಎಲೆ ಎಂದು ಕೇಳಬೇಡಿ. ಪಕ್ಕದ ಹೋಂಸ್ಟೇಯವರು ಎರಡು ವರ್ಷದಿಂದ ಕೇಳುತ್ತಿದ್ದಾರೆ.

ಗಡ್ಡೆಯ ವಿಚಾರ ಮಾತ್ರ ಬಿಡಿಸಿ ಹೇಳಬೇಕು. ಜೂನ್, ಜುಲೈನಲ್ಲಿ ನನಗೆ ಸಿಗುವುದು ಶೀತಲ ಗೃಹದಿಂದ ಬಂದ ಗಡ್ಡೆ. ತಣ್ಣಗೆ ಇಟ್ಟದ್ದರಿಂದ ಅದರ ಪಿಷ್ಟ ಸಕ್ಕರೆಗೆ ತಿರುಗಿರುತ್ತದೆ, ಸೂಪು ಸಿಹಿಯಾಗುತ್ತದೆ. ಉಪ್ಪು, ಕಾಳುಮೆಣಸು ಎಷ್ಟು ಸುರಿದರೂ ಆ ಸಿಹಿ ನಾಲಿಗೆಯ ಹಿಂದೆ ನಿಂತೇ ಇರುತ್ತದೆ. ಶಿವಮೊಗ್ಗದಿಂದ ಮೂಟೆ ತಂದ ಕೂಡಲೇ ಬಳಸದೆ, ಒಲೆಯ ಮೇಲಿನ ಅಟ್ಟದಲ್ಲಿ ಗೋಣಿ ಹಾಸಿ ಹರವಿ, ಬೆಳಕು ಬೀಳದಂತೆ ಮುಚ್ಚಿ ಹದಿನೈದು ದಿನ ಬಿಟ್ಟರೆ ಆ ಸಿಹಿ ಬಹುಪಾಲು ಇಳಿಯುತ್ತದೆ. ಆಗಸ್ಟ್ ಕೊನೆಗೆ ಹಾಸನದ ಹೊಸ ಗಡ್ಡೆ ಬಂದಾಗ ಬೇರೆ ತಾಪತ್ರಯ: ನೀರು ಜಾಸ್ತಿ, ಸೂಪು ಮಂದವಾಗುವುದಿಲ್ಲ. ಆಗ ಹಳೆಯದು ಅರ್ಧ, ಹೊಸದು ಅರ್ಧ.

ಬೆಂದದ್ದನ್ನು ಮಿಕ್ಸಿಗೆ ಹಾಕಿದಿರೋ, ಮುಗಿಯಿತು. ಆ ವೇಗಕ್ಕೆ ಗಡ್ಡೆಯ ಪಿಷ್ಟವೆಲ್ಲ ಹೊರಗೆ ಬಂದು ಗೋಂದಾಗುತ್ತದೆ. ನನ್ನ ಮೊದಲ ಪಾತ್ರೆಯಿಂದ ಗೋಡೆಗೆ ಭಿತ್ತಿಪತ್ರ ಅಂಟಿಸಬಹುದಿತ್ತು. ಈಗ ಮಜ್ಜಿಗೆ ಕಡೆಯುವ ಕಡಗೋಲನ್ನೇ ಕುಕ್ಕರಿಗೆ ಇಳಿಸುತ್ತೇನೆ. ಎರಡೂ ಅಂಗೈ ನಡುವೆ ಹಿಡಿದು ಇಪ್ಪತ್ತು, ಇಪ್ಪತ್ತೈದು ಸುತ್ತು. ಮೊದಲು ಟಕಟಕ ಎಂದು ಹೋಳುಗಳು ಮರಕ್ಕೆ ತಾಗುತ್ತವೆ, ಆಮೇಲೆ ಸದ್ದು ಮೆತ್ತಗಾಗಿ ಬುಸ್ ಎನ್ನುತ್ತದೆ. ಆಗ ನಿಲ್ಲಿಸಬೇಕು. ಅಲ್ಲಲ್ಲಿ ಬಟಾಣಿಯಷ್ಟು ಹೋಳು ಉಳಿದರೆ ಬಾಯಿಗೆ ಚೆನ್ನ.

ಚೀಸ್. ಮೊದಲು ಪಿಜ್ಜಾಕ್ಕೆ ಹಾಕುವ ಮೊಝರೆಲ್ಲಾ ತಂದೆ. ಸೌಟು ಎತ್ತಿದರೆ ಶ್ಯಾವಿಗೆ ಒತ್ತಿದಂತೆ ಎಳೆ, ಬಟ್ಟಲಿನ ತನಕ ತುಂಡಾಗಲಿಲ್ಲ. ಆಮೇಲೆ ಬೆಂಗಳೂರಿನಿಂದ ತರಿಸಿದ ಹಳೆಯ ಚೆಡ್ಡಾರ್, ಕಾಲು ಕಿಲೋಗೆ ನಾನೂರೋ ನಾನೂರೈವತ್ತೋ. ಪರಿಮಳವೇನೋ ಮನೆ ತುಂಬ. ಬಿಸಿ ಸೂಪಿಗೆ ಒಮ್ಮೆಲೇ ಸುರಿದೆ. ಎಣ್ಣೆಯೆಲ್ಲ ಮೇಲೆ ತೇಲಿತು, ಕೆಳಗೆ ಮರಳು. ಕಡೆಗೆ ಗೆದ್ದದ್ದು ಎಲ್ಲರೂ ಮೂಗು ಮುರಿಯುವ ಸಂಸ್ಕರಿಸಿದ ಚೀಸ್, ಅಮುಲ್ ಇಟ್ಟಿಗೆ. ಅದರಲ್ಲಿ ಕೊಬ್ಬನ್ನೂ ನೀರನ್ನೂ ಹೊಂದಿಸುವ ಲವಣ ಮೊದಲೇ ಇರುತ್ತದೆ, ಆದ್ದರಿಂದ ನುಣ್ಣಗೆ ಕರಗುತ್ತದೆ. ರುಚಿ ಮಾತ್ರ ಸ್ವಲ್ಪ ಸಪ್ಪೆ. ಆಗ ಹೊಳೆದದ್ದು ಎರಡನ್ನೂ ಬೆರೆಸುವುದು: ಮೂರು ಪಾಲು ಅಮುಲ್, ಒಂದು ಪಾಲು ಚೆಡ್ಡಾರ್. ಅಮುಲ್‌ನ ಲವಣವೇ ಚೆಡ್ಡಾರನ್ನೂ ಸಂಭಾಳಿಸುತ್ತದೆ. ಇದನ್ನು ನಾನು ಯಾರಿಂದಲೂ ಕಲಿತದ್ದಲ್ಲ ಎಂದು ಸ್ವಲ್ಪ ಜಂಬದಿಂದಲೇ ಹೇಳಿಕೊಳ್ಳುತ್ತೇನೆ. ಕುಕ್ಕರ್ ಆರಿಸಿ ಹತ್ತು ನಿಮಿಷ ಬಿಟ್ಟು, ಸಣ್ಣಗೆ ತುರಿದದ್ದನ್ನು ಹಿಡಿ ಹಿಡಿಯಾಗಿ ಹಾಕಿ ಮರದ ಸೌಟಿನಿಂದ ಒಂದೇ ದಿಕ್ಕಿಗೆ ಕಲಕಬೇಕು. ಉಪ್ಪನ್ನು ಆಮೇಲೆ ನೋಡಿ, ಚೀಸಿನಲ್ಲೇ ಬೇಕಾದಷ್ಟಿರುತ್ತದೆ.

ಕರೆಂಟು ದೀರ್ಘವಾಗಿ ಹೋದರೆ? ಹೋದ ವರ್ಷ ಪುಷ್ಯ ಮಳೆಯಲ್ಲಿ ಒಂದು ಮಧ್ಯಾಹ್ನ ಒಂದೂವರೆಗೆ ಎಲ್ಲೋ ತಂತಿಯ ಮೇಲೆ ಮರ ಬಿತ್ತು. ಎರಡು ಗಂಟೆ ಬೆಂದಿತ್ತು, ಒಂಬತ್ತು ಅತಿಥಿಗಳು. ಪ್ಲಗ್ ಕಿತ್ತು, ಮುಚ್ಚಳ ತೆಗೆಯದೆ, ಕುಕ್ಕರನ್ನು ಒಣ ಹುಲ್ಲು ತುಂಬಿದ ಅಡಿಕೆ ಬುಟ್ಟಿಯಲ್ಲಿ ಕೂರಿಸಿ ಮೇಲೆ ಮಾವನವರ ಹಳೆಯ ಕಂಬಳಿ ಹೊದಿಸಿದೆ. ಮಣ್ಣಿನ ಒಳಪಾತ್ರೆ ಕಾದಿದ್ದರೆ ಅದರ ಬಿಸಿ ಬೇಗ ಬಿಡುವುದಿಲ್ಲ. ಮೂರೂವರೆಗೆ ತೆಗೆದಾಗ ಮುಚ್ಚಳದ ಅಡಿಯಿಂದ ಹಬೆ ಎದ್ದು ಕನ್ನಡಕ ಮಂಜಾಯಿತು, ಗಡ್ಡೆಯ ಹೋಳಿನೊಳಗೆ ಚಾಕು ಬೆಣ್ಣೆಗೆ ಇಳಿದಂತೆ ಇಳಿಯಿತು. ಆದರೂ ಗ್ಯಾಸಿನ ಮೇಲೆ ಒಂದು ಕುದಿ ಬರಿಸಿಯೇ ಹಾಲು ಸೇರಿಸಿದೆ. ಎರಡು ಗಂಟೆಗಿಂತ ಹೆಚ್ಚು ಹೀಗೆ ಬಿಡಬೇಡಿ. ಪ್ಲಗ್ ಕೀಳದೆ ಕಂಬಳಿಯನ್ನಂತೂ ಹೊದಿಸಲೇಬೇಡಿ. ಒಮ್ಮೆ ಮರೆತಿದ್ದೆ, ಕರೆಂಟು ಬಂದು ಅಡುಗೆಮನೆಯಲ್ಲಿ ಕಾದ ಉಣ್ಣೆಯ ನಾತ ಹಬ್ಬಿದ ಮೇಲೆಯೇ ನೆನಪಾದದ್ದು. ಇನ್ವರ್ಟರಿಗೂ ಹಾಕಿ ನೋಡಿದ್ದೇನೆ. ಸೂಪು ಬೆಂದಿತು, ರಾತ್ರಿ ಒಂಬತ್ತಕ್ಕೆ ಮನೆಯೆಲ್ಲ ಕತ್ತಲೆ. ನಮ್ಮ ಮನೆಯವರು ಮಾತಾಡದೆ ಟಾರ್ಚ್ ಹಿಡಿದು ಬಡಿಸಿದರು.

ಹಣದ ಲೆಕ್ಕ, ನೆನಪಿನಿಂದ: ಒಂದೂವರೆ ಕಿಲೋ ಆಲೂಗಡ್ಡೆ ಐವತ್ತು ರೂಪಾಯಿ, ಮನೆಯ ಹಾಲಾದರೂ ಮೂವತ್ತೈದು ಹಿಡಿಯುತ್ತೇನೆ, ಬೆಣ್ಣೆ ಮೂವತ್ತೈದು, ಈರುಳ್ಳಿ ಇತ್ಯಾದಿ ಇಪ್ಪತ್ತು, ಕರೆಂಟು ಹತ್ತೋ ಹನ್ನೆರಡೋ. ಚೀಸ್ ಒಂದೇ ಇನ್ನೂರರಿಂದ ಮುನ್ನೂರು, ಚೆಡ್ಡಾರ್ ಎಷ್ಟು ಎಂಬುದರ ಮೇಲೆ. ಹದಿನಾಲ್ಕು ಬಟ್ಟಲು ಬರುತ್ತದೆ, ಬಟ್ಟಲಿಗೆ ಇಪ್ಪತ್ತೈದರಿಂದ ಮೂವತ್ತೆರಡು ಬೀಳುತ್ತದೆ. ನಾನು ತೊಂಬತ್ತಕ್ಕೆ ಕೊಡುತ್ತೇನೆ. ಹೋದ ಮಳೆಗಾಲದಲ್ಲಿ ಎರಡೂ ಕುಕ್ಕರಿನ ದುಡ್ಡು ಹುಟ್ಟಿತು, ಕಲಗಚ್ಚಿಗೆ ಹೋದದ್ದನ್ನು ಬಿಟ್ಟು. ಬೆಲೆ ಕೇಳಿದ್ದವರಿಗೆ ಲೆಕ್ಕ ಬರೆದ ಡೈರಿ ತೆರೆದೇ ತೋರಿಸಿದೆ.

ಗೆದ್ದ ಹುರುಪಿನಲ್ಲಿ ಬೇರೆಯದನ್ನೂ ಮಾಡಿ ನೋಡಿದೆ. ಕೆಸುವಿನ ಗಡ್ಡೆ ಲೋಳೆ ಲೋಳೆ. ಸುವರ್ಣಗಡ್ಡೆ ಹಾಕಿದ ದಿನ ನನ್ನ ಗಂಟಲು ರಾತ್ರಿಯವರೆಗೆ ತುರಿಸಿತು. ಹುಣಸೆ ಹಾಕಿದರೆ ತುರಿಕೆ ಹೋಗುತ್ತದೆ, ಹಾಲು ಒಡೆಯುತ್ತದೆ. ಕಳಲೆಗೆ ಚೀಸ್ ಹಾಕಿದ ಸಾಹಸವನ್ನು ಬರೆಯುವುದಿಲ್ಲ. ನಿಜವಾಗಿ ಒದಗಿದ್ದು ಹಲಸಿನ ಬೀಜ. ಪ್ರೆಷರ್ ಕುಕ್ಕರಿನಲ್ಲಿ ಐದು ಸೀಟಿ ಕೂಗಿಸಿ, ಕಂದು ಸಿಪ್ಪೆ ತಿಕ್ಕಿ ತೆಗೆದು, ಅರ್ಧ ಆಲೂಗಡ್ಡೆ ಅರ್ಧ ಬೀಜ ಹಾಕಿದರೆ ಚೀಸ್ ಕಾಲು ಭಾಗ ಕಡಿಮೆ ಸಾಕು. ಸಿಪ್ಪೆ ತೆಗೆಯುವ ಕೂಲಿ ಮಾತ್ರ ಲೆಕ್ಕಕ್ಕೆ ಹೊಂದುವುದಿಲ್ಲ, ಹಾಗಾಗಿ ಅದು ಮನೆಯವರಿಗಷ್ಟೇ.

ಅತ್ತೆ ಇಂದಿಗೂ ಚೀಸ್ ಮುಟ್ಟುವುದಿಲ್ಲ. ಆದರೆ ನಾಲ್ಕು ಗಂಟೆಗೆ ನಾನು ಕಡಗೋಲು ತೊಳೆಯುವ ಸದ್ದು ಕೇಳಿದರೆ ಬಟ್ಟಲು ಹಿಡಿದು ಬರುತ್ತಾರೆ. ಹಾಲು ಬೀಳುವ ಮೊದಲು ಎರಡು ಸೌಟು ತೆಗೆದುಕೊಂಡು, ತುಪ್ಪದಲ್ಲಿ ಜೀರಿಗೆ, ಒಂದು ಸೂಜಿಮೆಣಸು ಒಗ್ಗರಣೆ ಹಾಕಿ, ಲಿಂಬೆ ಹಿಂಡಿ ಜಗುಲಿಗೆ ಹೋಗಿ ಕೂರುತ್ತಾರೆ. ಅವರ ಪಾಲಿಗೆಂದು ಈಗ ಎರಡು ಗಡ್ಡೆ ಹೆಚ್ಚಿಗೆ ಹೆಚ್ಚುತ್ತೇನೆ.