26ನೇ ವಯಸ್ಸಿಗೆ ಬ್ರಾಂಚ್ ಕೀಲಿ ಕೈಗೆ ಬಂದಾಗ

ಮೊನ್ನೆ ನಮ್ಮ ಚಿಕ್ಕಪ್ಪನ ಮಗ ಫೋನ್ ಮಾಡಿ "ಅಕ್ಕ ಡಿಗ್ರಿ ಮುಗೀತು, ಬೇಗ ಮೇಲೆ ಹೋಗೋ ಕೆಲ್ಸ ಯಾವ್ದು ಹೇಳು" ಅಂದ. ಬ್ಯಾಂಕ್ ಪಿಓ, ಅಂದ್ರೆ ಪ್ರೊಬೇಷನರಿ ಆಫೀಸರ್, ಅಂದೆ. "ಕೌಂಟರಲ್ಲಿ ಕೂತು ನೋಟು ಎಣಿಸೋದಾ" ಅಂತ ನಕ್ಕ. ಅದಕ್ಕೇ ಇದನ್ನ ಬರೀತಿದೀನಿ.

ನಾನು ಹಾಸನದವಳು. ಸರ್ಕಾರಿ ಬ್ಯಾಂಕುಗಳಿಗೆ ಜನ ಆರಿಸೋ ಐಬಿಪಿಎಸ್ ಪರೀಕ್ಷೆ ಎರಡು ಸಲ ಬರೆದೆ, ಮೊದಲ ಸಲ ಎರಡನೇ ಹಂತದ ಮೇನ್ಸಲ್ಲೇ ಔಟ್. ಮೊದಲ ಹಂತದ ಪ್ರಿಲಿಮ್ಸ್ ಬರೀ ಜರಡಿ, ರ‍್ಯಾಂಕ್ ಬರೋದು ಮೇನ್ಸ್ ಮತ್ತೆ ಇಂಟರ್ವ್ಯೂನ 80:20 ಲೆಕ್ಕದಲ್ಲಿ, ಇದು ಗೊತ್ತಿಲ್ದೆ ನಾನು ಪ್ರಿಲಿಮ್ಸಿಗೇ ಜೀವ ತೇದಿದ್ದೆ. ಪಿಓ ಪರೀಕ್ಷೆ ಇಂಗ್ಲಿಷ್ ಇಲ್ಲಾ ಹಿಂದಿ, ಕನ್ನಡದಲ್ಲೇ ಬರೀತೀನಿ ಅನ್ನೋರಿಗೆ ಗ್ರಾಮೀಣ ಬ್ಯಾಂಕಿನ ಆಫೀಸರ್ ಪೋಸ್ಟ್ ಇದೆ, 2019ರಿಂದ ಅದಕ್ಕೆ ಕನ್ನಡ ಆಯ್ಕೆ ಬಂದಿದೆ.

2 ವರ್ಷ ಪ್ರೊಬೇಷನ್. ಕ್ಯಾಶು, ಕ್ಲಿಯರಿಂಗು, ಚಿನ್ನದ ಸಾಲ, ಬೆಳೆ ಸಾಲ, ಎಲ್ಲಾ ಟೇಬಲ್ಲಿಗೂ ಕೂರಿಸ್ತಾರೆ, ಆಗ ಬೇಜಾರಾಗಿ ಮೊಬೈಲ್ ನೋಡ್ಕೊಂಡು ಕೂತೋರು ಆಮೇಲೆ ಒದ್ದಾಡ್ತಾರೆ. ಅದು ಮುಗಿದ ಮೇಲೆ ಕೊಪ್ಪಳ ಕಡೆ ಒಂದು ಹಳ್ಳಿ ಬ್ರಾಂಚಿಗೆ ಹಾಕಿದ್ರು. ಸ್ವಲ್ಪ ದಿನಕ್ಕೆ ಮ್ಯಾನೇಜರ್‌ಗೆ ವರ್ಗ ಆಯ್ತು, ಬದಲಿಗೆ ಯಾರೂ ಬರ್ಲಿಲ್ಲ, ಇನ್‌ಚಾರ್ಜ್ ನಾನೇ. ಬ್ರಾಂಚಲ್ಲಿ ಇದ್ದೋರು ನಾನು, ನಮ್ಮಪ್ಪನ ವಯಸ್ಸಿನ ಒಬ್ಬ ಕ್ಯಾಷಿಯರ್, ಒಬ್ಬ ಪ್ಯೂನ್. ಸೇಫಿಗೆ ಎರಡು ಕೀಲಿ, ಒಂದು ನನ್ಹತ್ರ ಒಂದು ಕ್ಯಾಷಿಯರ್ ಹತ್ರ, ಇಬ್ರೂ ಇಲ್ದೆ ಅದು ತೆಗೆಯಲ್ಲ. ಮೊದಲ ವಾರ ದಿಂಬಿನ ಕೆಳಗೆ ಕೀಲಿ ಇಟ್ಕೊಂಡು ನಿದ್ದೆ ಬರದೇ ಮಲಗಿದೀನಿ.

ಒಂದು ಸಂತೆ ದಿನ ಸಂಜೆ ಕ್ಯಾಷಿಯರ್ ಮೆಲ್ಲಗೆ ಬಂದು "ಮೇಡಮ್ಮಾರ, ಹತ್ತು ಸಾವಿರ ಕಡಿಮಿ ಬೀಳಾಕತ್ತೈತ್ರೀ" ಅಂದ್ರು. ಅವ್ರ ಕೈ ನಡುಗ್ತಿತ್ತು, ಕಡಿಮೆ ಬಿದ್ರೆ ಕಟ್ಟೋದು ಅವ್ರೇ ತಾನೇ. ರೇಗೋಣ ಅಂತ ಬಾಯಿಗೆ ಬಂತು, ತಡೆದೆ. ಶಟರ್ ಅರ್ಧ ಎಳೆಸಿ, ಚಹಾ ತರಿಸಿ, ಇಬ್ರೂ ನೆಲದ ಮೇಲೆ ಕೂತು ಒಂದೊಂದೇ ವೋಚರ್ ನೋಡ್ತಾ ಹೋದ್ವಿ, ಏಳೂವರೆಗೆ ಸಿಕ್ತು, 15,000ದ ವಿತ್‌ಡ್ರಾವಲ್ ಸ್ಲಿಪ್ಪನ್ನ ಸಿಸ್ಟಮಲ್ಲಿ 5,000 ಅಂತ ಹಾಕಿದ್ರು. ಅದನ್ನ ನೋಡಿ ಪಾಸಿಂಗ್ (ಒಪ್ಪಿಗೆ) ಕೊಟ್ಟಿದ್ದು ನಾನೇ! ಸದ್ಯ ಗಿರಾಕಿ ಖಾತೆಯಲ್ಲಿ ದುಡ್ಡಿತ್ತು, ಡೇ ಎಂಡ್‌ಗೆ, ಅಂದ್ರೆ ದಿನದ ಲೆಕ್ಕ ಮುಚ್ಚೋಕೆ, ಮುಂಚೆ ಸರಿಮಾಡಿದ್ವಿ. ಆವತ್ತಿಂದ ಅವರು ನನಗೆ ಊರಿನ ಲೆಕ್ಕ ಎಲ್ಲಾ ಹೇಳಿಕೊಡೋಕೆ ಶುರು ಮಾಡಿದ್ರು, ಯಾವ ಸಾಲ ವಾಪಸ್ ಬರುತ್ತೆ, ಯಾವುದು ಮಳೆ ನೋಡ್ಕೊಂಡು ಕೊಡ್ಬೇಕು, ಯಾರ ಮನೆಗೆ ವಸೂಲಿಗೆ ಹೋಗೋಕೆ ಮುಂಚೆ ಯಾರನ್ನ ಕಾಣ್ಬೇಕು ಅಂತ. ಟ್ರೈನಿಂಗ್ ಕಾಲೇಜಲ್ಲಿ ಇದ್ಯಾವ್ದೂ ಹೇಳಿರ್ಲಿಲ್ಲ.

ಬಡ್ತಿ ವಿಷಯ ಅಂದ್ರೆ, ಆಫೀಸರಿಗೆ ಸ್ಕೇಲ್ 1ರಿಂದ ಮೇಲಕ್ಕೆ ಮೆಟ್ಟಿಲು, 4 ಅಂದ್ರೆ ಚೀಫ್ ಮ್ಯಾನೇಜರ್, 5 ಎಜಿಎಂ (ಅಸಿಸ್ಟೆಂಟ್ ಜನರಲ್ ಮ್ಯಾನೇಜರ್), 7 ಜಿಎಂ (ಜನರಲ್ ಮ್ಯಾನೇಜರ್). ಎಷ್ಟು ವರ್ಷ ಸರ್ವಿಸ್ ಆದ್ರೆ ಅರ್ಹತೆ ಅನ್ನೋದು ಆಯಾ ಬ್ಯಾಂಕಿನ ಪಾಲಿಸಿಯಲ್ಲೇ ಬರೆದಿರುತ್ತೆ, ಯಾರ ಕಾಲೂ ಹಿಡೀಬೇಕಿಲ್ಲ. ಹಳ್ಳಿಯಲ್ಲಿದ್ದಾಗ್ಲೇ ಸಂಜೆ ಹೊತ್ತು ಓದಿ ಜೆಎಐಐಬಿ ಅನ್ನೋ ಬ್ಯಾಂಕಿಂಗ್ ಪರೀಕ್ಷೆ ಮುಗಿಸ್ಕೊಂಡೆ, ಇನ್‌ಕ್ರಿಮೆಂಟೂ ಬಂತು. ಸ್ಕೇಲ್ 2 ಇಂಟರ್ವ್ಯೂಲಿ ನನ್ನ ಕೇಳಿದ್ದೆಲ್ಲಾ ಆ ಹಳ್ಳಿ ಬ್ರಾಂಚ್ ಬಗ್ಗೆನೇ, ಬಾಯಿಪಾಠ ಮಾಡ್ಕೊಂಡು ಹೋಗಿದ್ದ ಆರ್‌ಬಿಐ ಸರ್ಕ್ಯುಲರ್ ಒಂದೂ ಕೇಳ್ಲಿಲ್ಲ.

ಆದ್ರೆ ಬಡ್ತಿ ಜೊತೆ ವರ್ಗನೂ ಬರುತ್ತೆ, ಅದನ್ನ ತಮ್ಮನಿಗೆ ಮುಚ್ಚಿಡ್ಲಿಲ್ಲ. ಊರು ಬಿಡೋಕಾಗದೆ ಬೇಕಂತಲೇ ಸ್ಕೇಲ್ 1ರಲ್ಲೇ ಉಳಿದಿರೋ ಬುದ್ಧಿವಂತರು ನನ್ನ ಬ್ಯಾಚಲ್ಲೇ ಇದಾರೆ, ಅವ್ರದ್ದೂ ತಪ್ಪಲ್ಲ. ನಮ್ಮೆಜಮಾನ್ರು ಬೆಂಗಳೂರಲ್ಲಿ, ನಾನು ಎರಡು ವರ್ಷ ವಾರಾಂತ್ಯದ ರಾತ್ರಿ ಬಸ್ಸಲ್ಲಿ. ಹೋದ ತಿಂಗ್ಳು ಸ್ಕೇಲ್ 3 ಇಂಟರ್ವ್ಯೂ ಆಯ್ತು, ರಿಸಲ್ಟ್ ಇನ್ನೂ ಬಂದಿಲ್ಲ, ಸೂಟ್‌ಕೇಸ್ ಮಾತ್ರ ಅಟ್ಟದಿಂದ ಇಳಿಸಿಟ್ಟಿದೀನಿ.